ಯಾರ ಪಕ್ಷಕ್ಕೂ ಸೇರದವಳು

ಸೇನೆಯ ಜೀಪಿನ ಟೈರು ಪಂಕ್ಚರ್ ಆಗುವುದಕ್ಕೆ ಅಥ್ಲೋನ್ ಪಟ್ಟಣದ ಸುತ್ತಮುತ್ತ ಬೇರೆ ಜಾಗವೇ ಸಿಗಲಿಲ್ಲವೇನೋ. ಕೀಗನ್ ಮನೆಯ ಗೇಟಿನ ಎದುರಿಗೇ ಆಗಬೇಕಿತ್ತು.

ಕಾರ್ಪೋರಲ್ ಡರ್ವ್ಲಾ ಫಾಲನ್ ಸ್ಟಿಯರಿಂಗಿಗೆ ಒಂದು ಗುದ್ದು ಗುದ್ದಿ ಕೆಳಗಿಳಿದಳು. ಪಕ್ಕದ ಸೀಟಿನಲ್ಲಿದ್ದ ಸೇನೆಯ ಪಾದ್ರಿ ಫಾದರ್ ಕಲಮ್ ಕೂಡ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಇಳಿದರು. ಆಸ್ಪತ್ರೆಯಲ್ಲಿದ್ದ ಒಬ್ಬ ಸಿಪಾಯಿಯನ್ನು ಮಾತಾಡಿಸಿಕೊಂಡು ಇಬ್ಬರೂ ವಾಪಸು ಹೊರಟಿದ್ದರು, ಅಷ್ಟೇ. ಅದು ಓಣಿಯವರಿಗೆ ಹೇಗೆ ಗೊತ್ತಾಗಬೇಕು? ಆ ಓಣಿಯ ಮೂರು ಮನೆಗಳ ಮಕ್ಕಳು ಆಗ ವಿಶ್ವಸಂಸ್ಥೆಯ ಶಾಂತಿಪಡೆಯ ನೀಲಿ ಟೋಪಿ ಹಾಕಿಕೊಂಡು ಲೆಬನಾನಿನಲ್ಲಿದ್ದರು. ಹಸಿರು ಗಾಡಿ, ಸಮವಸ್ತ್ರ, ಪಾದ್ರಿ ಮೂರೂ ಒಟ್ಟಿಗೆ ಮನೆ ಬಾಗಿಲಿಗೆ ಬಂದರೆ ಏನರ್ಥ ಅಂತ ಆ ಕಡೆಯ ಎಳೆಮಕ್ಕಳಿಗೂ ಗೊತ್ತು.

ಜ್ಯಾಕ್ ತಿರುಗಿಸುತ್ತಿದ್ದ ಡರ್ವ್ಲಾ ತಲೆಯೆತ್ತಿ ನೋಡಿದರೆ ಓಣಿಗೆ ಓಣಿಯೇ ಬಂದು ನಿಂತಿತ್ತು. ಒಬ್ಬಳ ಕೈಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಟ್ಟೆ. ಇನ್ನೊಬ್ಬಳು ಚರ್ಚಿನ ಹಾಲಿನಿಂದ ದೊಡ್ಡ ಟೀ ಪಾತ್ರೆಯನ್ನೇ ಹೊತ್ತು ತಂದಿದ್ದಳು. ಒಬ್ಬ ಮುದುಕ ಮಡಚುವ ಕುರ್ಚಿಗಳನ್ನು ಕಂಕುಳಲ್ಲಿ ಅವುಚಿಕೊಂಡಿದ್ದ. ಸತ್ತವರು ಯಾರೆಂದು ಗೊತ್ತಿಲ್ಲದಿದ್ದರೂ ಸಾವಿನ ಮನೆಗೆ ಬೇಕಾದದ್ದೆಲ್ಲ ಸಿದ್ಧವಾಗಿತ್ತು. ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಕೀಗನ್ ಮನೆಯ ಬಾಗಿಲು ತೆರೆದು, ತಲೆಯೆಲ್ಲ ಮರದ ಹೊಟ್ಟು ಮೆತ್ತಿಕೊಂಡ ಒಬ್ಬ ಹೊರಗೆ ಬಂದ. "ಯಾರು?" ಎಂದ.

"ಯಾರೂ ಸತ್ತಿಲ್ಲ!" ಡರ್ವ್ಲಾ ಸ್ಪ್ಯಾನರ್ ಎತ್ತಿ ಹಿಡಿದು ಕೂಗಿಬಿಟ್ಟಳು. "ಯಾರಂದ್ರೆ ಯಾರೂ ಸತ್ತಿಲ್ಲ! ಟೈರ್ ಹೋಗಿದೆ ಅಷ್ಟೇ! ಎಲ್ರೂ ಮನೆಗೆ ಹೋಗಿ!"

ಕುರ್ಚಿ ಅವುಚಿಕೊಂಡಿದ್ದ ಮುದುಕ, "ಮತ್ತೆ ಈ ಸ್ಯಾಂಡ್‌ವಿಚ್ ಏನ್ಮಾಡೋದು?" ಎಂದ.

"ತಿನ್ನೋದಪ್ಪಾ," ಎಂದು ಫಾದರ್ ಕಲಮ್ ಒಂದು ಕುರ್ಚಿ ಬಿಡಿಸಿಕೊಂಡು ಕೂತೇಬಿಟ್ಟರು.

ಹೊಟ್ಟು ಮೆತ್ತಿದವನು ಬಿದ್ದು ಬಿದ್ದು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಗಮನಿಸುವ ಹೊತ್ತೇ ಅದು? ಆದರೂ ಡರ್ವ್ಲಾ ಗಮನಿಸಿದಳು. ಅವಳು ಗಮನಿಸಿದ್ದನ್ನು ಅವನೂ ಗಮನಿಸಿದ. ಅಷ್ಟರಲ್ಲಿ ಬಾಗಿಲಿನ ಚೌಕಟ್ಟು ಹಿಡಿದು ನಿಂತ ತಾಯಿಯ ಕಡೆ ತಿರುಗಿ ನೋಡಿದವನ ನಗು ಹಾಗೇ ನಿಂತುಹೋಯಿತು.

"ಬೇಜಾರು ಮಾಡ್ಕೋಬೇಡಿ," ಎಂದ, ಡರ್ವ್ಲಾಳ ಕೈಯಿಂದ ಸ್ಪ್ಯಾನರ್ ತೆಗೆದುಕೊಳ್ಳುತ್ತ. "ಈ ಗಾಡಿ ಒಂದ್ಸಲ ನಿಜವಾಗ್ಲೂ ನಮ್ಮನೇಗೇ ಬಂದಿತ್ತು. ಅಪ್ಪ ಲೆಬನಾನಲ್ಲಿ ತೀರ್ಕೊಂಡಾಗ. ನಾನಾಗ ಇನ್ನೂ ತೊದಲು ಮಾತಾಡ್ತಿದ್ದೆ. ನನ್ನ ಹೆಸ್ರು ಫಿಂಟನ್."

"ನಾನು ಡರ್ವ್ಲಾ. ಸ್ಪ್ಯಾನರ್ ಉಲ್ಟಾ ಹಿಡ್ಕೊಂಡಿದೀರಿ."

*

ಫಿಂಟನ್ ಹಾಕಿಯಂಥ ಹರ್ಲಿಂಗ್ ಆಟದ ಕೋಲು ಕೆತ್ತುವವನು. ಭಾನುವಾರ ಊರಿನ ಪಂದ್ಯಗಳಿಗೆ ರೆಫ್ರಿ. ಡರ್ವ್ಲಾಗೆ ಹರ್ಲಿಂಗ್ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿಕೊಂಡಿತು. ಚಳಿಗಾಲ ಮುಗಿಯುವವರೆಗೂ ಗಾಳಿ, ಕೆಸರು ಯಾವುದನ್ನೂ ಲೆಕ್ಕಿಸದೆ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಆಟ ಅವಳಿಗೆ ಅರ್ಥವಾಗುತ್ತಿತ್ತೇ ಎಂದು ಕೇಳಬೇಡಿ. ಅವಳು ನೋಡುತ್ತಿದ್ದುದು ಚೆಂಡನ್ನಲ್ಲ.

ಏಪ್ರಿಲ್‌ನ ಒಂದು ಪಂದ್ಯ ಮುಗಿದ ಮೇಲೆ ಮೈದಾನದ ಗೋಡೆಯ ಮೇಲೆ ಕೂತು ಹೇಳಿಬಿಟ್ಟಳು. ಮೇ ತಿಂಗಳಲ್ಲಿ ಲೆಬನಾನಿಗೆ ಹೊರಡಬೇಕು. ಆರು ತಿಂಗಳು.

ಫಿಂಟನ್ ಬೂಟಿನ ದಾರವನ್ನೇ ನೋಡುತ್ತ ಕೂತ. "ಇದೊಂದ್ಸಲ ಬಿಡು, ಡರ್ವ್ಲಾ. ಬಲವಂತ ಏನಿಲ್ವಲ್ಲ. ನೀನೇ ತಾನೇ ಹೆಸರು ಕೊಟ್ಟಿರೋದು?"

"ಹೌದು, ನಾನೇ ಕೊಟ್ಟಿರೋದು. ಅದಕ್ಕೇ ಹೋಗ್ತಿರೋದು."

"ಆ ಜಗಳಕ್ಕೂ ನಮಗೂ ಏನು ಸಂಬಂಧ? ನಮ್ಮ ದೇಶ ಯಾರ ಕಡೆಗೂ ಇಲ್ಲ."

"ಯಾರ ಕಡೆಗೂ ಇಲ್ಲ ಅಂತಾನೇ ನಮ್ಮನ್ನ ಮಧ್ಯ ನಿಲ್ಸೋದು! ಇವತ್ತು ನಿಂಗೆ ಎರಡೂ ಟೀಮಿನವ್ರು ಬೈದ್ರು. ಆ ಹಳದಿ ಸ್ಕಾರ್ಫ್ ಅಜ್ಜಿ ನಿನ್ನ ವಂಶಾನೇ ಜಾಲಾಡಿದ್ಲು. ಮುಂದಿನ ಭಾನುವಾರ ಹೋಗಲ್ವಾ ನೀನು?"

"ಹೋಗ್ತೀನಿ. ಆದ್ರೆ ಆ ಅಜ್ಜಿ ಹತ್ರ ಗನ್ ಇಲ್ಲ."

"ಇದ್ದಿದ್ರೂ ನೀನು ಹೋಗ್ತಿದ್ದೆ. ನಿನ್ನ ಹಟ ನಂಗೆ ಗೊತ್ತಿಲ್ವಾ? ಅದಕ್ಕೇ ತಾನೇ ನಾನು..." ಡರ್ವ್ಲಾ ಗಕ್ಕನೆ ನಿಲ್ಲಿಸಿದಳು.

"ಅದಕ್ಕೇ ತಾನೇ ಏನು?"

"ಕಿವೀಲಿ ಕೆಸರಿದೆ. ಒರೆಸ್ಕೋ."

ಅವನು ಒರೆಸಿಕೊಳ್ಳಲಿಲ್ಲ. ಅವಳೇ ಒರೆಸಿದಳು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ಅವನು ಕಣ್ಣು ಮುಚ್ಚಿ ಹೇಳಿದ: "ಸಿಪಾಯೀನ ಸೊಸೆ ಮಾಡ್ಕೊಳ್ಳಲ್ಲ ಅಂತ ಅಮ್ಮ ಹೇಳಿಬಿಟ್ಟಿದಾಳೆ. ಅದರಲ್ಲೂ ಅಲ್ಲಿಗೆ ಹೋಗೋಳನ್ನ."

*

ಡರ್ವ್ಲಾ ಮರುದಿನವೇ ಆ ಮನೆಯ ಬಾಗಿಲು ತಟ್ಟಿದಳು. ಯಾರಿಗೂ ಗಾಬರಿಯಾಗದಿರಲೆಂದು ಸೈಕಲ್ ಮೇಲೆ, ಹೂವಿನ ಅಂಗಿ ತೊಟ್ಟು ಹೋಗಿದ್ದಳು. ಫಿಂಟನ್‌ನ ತಾಯಿ ಅಸಂಪ್ಟಾ ಕೀಗನ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಕೂತುಕೋ ಅನ್ನಲಿಲ್ಲ. ಟೀ ಮಾತ್ರ ಕೊಟ್ಟಳು. ಶತ್ರು ಬಂದರೂ ಟೀ ಕೊಡದೆ ಕಳಿಸುವ ಮನೆ ಆ ಸೀಮೆಯಲ್ಲಿಲ್ಲ.

"ನನ್ನ ಮಗ ಸಿಪಾಯಿ ಆಗ್ಬಾರ್ದು ಅಂತ ಬೆಳೆಸಿದೆ," ಎಂದಳು. "ಸಿಪಾಯಿಗೋಸ್ಕರ ಕಾಯ್ತಾ ಕೂರ್ತಾನೆ ಅಂತ ಅಂದ್ಕೊಂಡಿರ್ಲಿಲ್ಲ."

"ಮಿಸೆಸ್ ಕೀಗನ್, ನಾನು..."

"ನಮ್ಮ ದೇಶ ಯಾರ ಯುದ್ಧದಲ್ಲೂ ಇಲ್ಲ ಅಂತ ಎಲ್ರೂ ಹೇಳ್ತಾರೆ. ಹಾಗಾದ್ರೆ ನನ್ನ ಗಂಡ ಎಲ್ಲಿ ಸತ್ತ? ಹೇಳು."

ಡರ್ವ್ಲಾಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಅದಕ್ಕೆ ಉತ್ತರ ನನ್ನ ಹತ್ರ ಇಲ್ಲ. ಆದ್ರೆ ಅವ್ರು ಕಾವಲು ನಿಂತಿದ್ದ ಊರನ್ನ ನಾನು ಹೋದ್ಸಲ ಡ್ಯೂಟಿಗೆ ಹೋಗಿದ್ದಾಗ ನೋಡಿದೀನಿ. ಜನ ಇವತ್ತಿಗೂ ಅಲ್ಲೇ ತಂಬಾಕು ಬೆಳೀತಾರೆ. ಮಕ್ಕಳು ನಮ್ಮ ಕಡೆಯವ್ರ ಥರಾನೇ ಇಂಗ್ಲಿಷ್ ಎಳೆದು ಎಳೆದು ಮಾತಾಡ್ತಾರೆ. ಆ ಊರು ಇನ್ನೂ ಇದೆ, ಮಿಸೆಸ್ ಕೀಗನ್."

ಅಸಂಪ್ಟಾಳ ಕೈಯಲ್ಲಿದ್ದ ಚಾಕು ನಿಂತಿತು.

"ನಾನು ಹೋಗ್ತೀನಿ," ಎಂದಳು ಡರ್ವ್ಲಾ. "ಫಿಂಟನ್‌ನೂ ಬಿಡಲ್ಲ. ಎರಡರಲ್ಲಿ ಒಂದು ಆರಿಸ್ಕೋ ಅಂತ ಯಾರೇ ಹೇಳಿದ್ರೂ ಆರಿಸ್ಕೊಳ್ಳಲ್ಲ."

"ಕೊಬ್ಬು ನಿಂಗೆ."

"ಇದೆ."

"ನಾನು ಒಪ್ಪಲ್ಲ."

"ಟೀ ಚೆನ್ನಾಗಿತ್ತು," ಎಂದು ಹೇಳಿ ಡರ್ವ್ಲಾ ತಲೆ ಎತ್ತಿಕೊಂಡೇ ಹೊರಗೆ ಬಂದಳು. ಓಣಿಯ ತಿರುವಿನವರೆಗೂ ತಡೆದುಕೊಂಡು, ಆಮೇಲೆ ಸೈಕಲ್ ನಿಲ್ಲಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಅದಾದ ಮೇಲೆ ಫಿಂಟನ್‌ನಿಂದ ಫೋನಿಲ್ಲ, ಮೆಸೇಜಿಲ್ಲ. ಅವಳೂ ಮಾಡಲಿಲ್ಲ. ಅವನು ತಾಯಿಯ ಮಾತಿಗೇ ಕಟ್ಟುಬಿದ್ದರೆ? ಬೀಳಲಿ. ಬೇಡುವುದಕ್ಕೆ ಅವಳು ಹುಟ್ಟಿರಲಿಲ್ಲ. ಹಾಗಂತ ದಿನವೂ ತನಗೆ ತಾನೇ ಹೇಳಿಕೊಂಡಳು, ಫೋನ್ ಕೈಯಲ್ಲಿ ಹಿಡಿದುಕೊಂಡೇ.

*

ಹೊರಡುವವರನ್ನು ಬ್ಯಾರಕ್ಸಿನ ಅಂಗಳದಲ್ಲಿ ಪೆರೇಡಿಗೆ ನಿಲ್ಲಿಸುವುದು ವಾಡಿಕೆ. ಮನೆಯವರೆಲ್ಲ ಹಗ್ಗದಾಚೆ ನಿಂತು ನೋಡುತ್ತಾರೆ. ನೀಲಿ ಟೋಪಿ ತೊಟ್ಟ ಡರ್ವ್ಲಾ ಅಟೆನ್ಷನ್‌ನಲ್ಲಿ ನಿಂತಿದ್ದಳು. ಕಣ್ಣು ಅಲುಗಿಸುವಂತಿಲ್ಲ. ಆದರೂ ಕಣ್ಣಂಚಿನಲ್ಲೇ ಹಗ್ಗದ ಆ ಕೊನೆಯಿಂದ ಈ ಕೊನೆಯವರೆಗೆ ಹುಡುಕಿದ್ದಳು. ಅಕ್ಕಂದಿರಿದ್ದರು, ಅವಳ ತಾಯಿ ಇದ್ದಳು. ಅವನಿರಲಿಲ್ಲ.

ಬ್ಯಾಂಡು ನಿಂತಿತ್ತು. ಕರ್ನಲ್ ಭಾಷಣಕ್ಕೆ ಕಾಗದ ಬಿಡಿಸುತ್ತಿದ್ದರು. ಆಗ ಯಾರೋ ಹಗ್ಗದಡಿ ನುಗ್ಗಿ ನೇರ ಅಂಗಳದ ಮಧ್ಯಕ್ಕೆ ನಡೆದು ಬಂದರು.

"ಏಯ್! ಯಾರಯ್ಯಾ ನೀನು?" ಸಾರ್ಜೆಂಟ್ ಗದರಿದ.

"ಇವಳನ್ನ ಮದ್ವೆ ಆಗೋನು," ಎಂದ ಫಿಂಟನ್ ಏದುಸಿರು ಬಿಡುತ್ತ. "ಅಂದ್ರೆ, ಇವಳಿನ್ನೂ ಹೂಂ ಅಂದಿಲ್ಲ. ಕೇಳೋಕೇ ಬಂದಿರೋದು."

ಸಾಲಿಗೆ ಸಾಲೇ ತುಟಿ ಕಚ್ಚಿಕೊಂಡಿತು. ಡರ್ವ್ಲಾಳ ಕೆನ್ನೆ ಉರಿಯತೊಡಗಿತು. ಅಲುಗಾಡುವಂತಿಲ್ಲ, ಮಾತಾಡುವಂತಿಲ್ಲ!

"ಹೋಗ್ಬೇಡ ಅನ್ನೋಕೆ ಬಂದಿಲ್ಲ ನಾನು," ಅವನು ಅವಳ ಕಣ್ಣೆದುರಿಗೇ ನಿಂತು ಹೇಳಿದ. "ಹೋಗು. ನಿನ್ನ ಕೆಲಸ ಮಾಡ್ಕೊಂಡು ಬಾ. ನಿನಗಿಂತ ಹಟ ಹಿಡಿದು ಕಾಯ್ತೀನಿ. ನಿನ್ನ ಪ್ರೀತಿಸ್ತೀನಿ, ಡರ್ವ್ಲಾ. ಮೊದಲೇ ಹೇಳ್ಬೇಕಿತ್ತು. ಹೆದರಿದ್ದೆ."

ಸಾರ್ಜೆಂಟ್ ಕರ್ನಲ್ ಕಡೆ ನೋಡಿದ. ಕರ್ನಲ್ ನಿಟ್ಟುಸಿರು ಬಿಟ್ಟು ಭಾಷಣದ ಕಾಗದ ಮಡಚಿದರು. "ಕಾರ್ಪೋರಲ್ ಫಾಲನ್, ಉತ್ತರ ಕೊಡಮ್ಮ. ಚಳಿ ಆಗ್ತಿದೆ ಎಲ್ರಿಗೂ."

ಅವಳು ಬಾಯಿ ತೆರೆಯುವಷ್ಟರಲ್ಲಿ ಫಿಂಟನ್‌ನ ಹಿಂದೆ ಕಪ್ಪು ಕೋಟು ಕಾಣಿಸಿತು. ಗಂಡ ಸತ್ತ ಮೇಲೆ ಆ ಅಂಗಳಕ್ಕೆ ಕಾಲಿಡದಿದ್ದ ಅಸಂಪ್ಟಾ ಕೀಗನ್ ತಾನೇ ಹಗ್ಗ ಎತ್ತಿಕೊಂಡು ಬಂದಿದ್ದಳು. ಅವಳನ್ನು ತಡೆಯಲು ಯಾರಿಗೂ ಧೈರ್ಯವಾಗಲಿಲ್ಲ.

"ಆಶೀರ್ವಾದ ಮಾಡೋಕೆ ಬಂದಿದೀನಿ ಅಂತ ಯಾರೂ ತಿಳ್ಕೋಬೇಡಿ," ಎಂದಳು, ಇಡೀ ಅಂಗಳಕ್ಕೆ ಕೇಳುವಂತೆ. ಆಮೇಲೆ ಡರ್ವ್ಲಾಳ ಹತ್ತಿರ ಬಂದು ದನಿ ತಗ್ಗಿಸಿದಳು. "ನಾನಿನ್ನೂ ಒಪ್ಪಿಲ್ಲ. ನೀನಿಲ್ಲದಾಗ ಒಪ್ಪೋದೂ ಇಲ್ಲ. ನನ್ನ ಒಪ್ಪಿಗೆ ಬೇಕಂದ್ರೆ ನವೆಂಬರಲ್ಲಿ ನೀನೇ, ನಿನ್ನ ಕಾಲ ಮೇಲೆ ನಡ್ಕೊಂಡು ನನ್ನ ಅಡುಗೆಮನೆಗೆ ಬಂದು ಕೇಳ್ಬೇಕು. ಕೇಳಿಸ್ತಾ? ನೀನೇ ಬರ್ಬೇಕು."

"ಬರ್ತೀನಿ," ಎಂದಳು ಡರ್ವ್ಲಾ. ಕಣ್ಣೀರು ಗದ್ದಕ್ಕಿಳಿಯುತ್ತಿದ್ದರೂ ಕೈ ಪಕ್ಕದಲ್ಲೇ ಇತ್ತು, ನೆಟ್ಟಗೆ. "ಬಂದು ನಿಮ್ಮ ತಲೆ ತಿಂತೀನಿ, ಮಿಸೆಸ್ ಕೀಗನ್."

"ನಂಗೆ ಉತ್ತರ?" ಎಂದ ಫಿಂಟನ್.

ಪೆರೇಡ್ ಇನ್ನೂ ಮುಗಿದಿರಲಿಲ್ಲ. ಡರ್ವ್ಲಾ ಒಂದು ಹೆಜ್ಜೆ ಮುಂದಿಟ್ಟಳು, ಯಾರ ಅಪ್ಪಣೆಯೂ ಇಲ್ಲದೆ, ಇಡೀ ಬೆಟಾಲಿಯನ್ನಿನ ಎದುರಿಗೆ. ಅವನ ಕಾಲರ್ ಹಿಡಿದು ಎಳೆದು, ಮುತ್ತಿಟ್ಟು, "ಹೂಂ," ಎಂದಳು.