ಹವಾಮಾನದ ನಡುವೆ ತೊಕ್ತೊಬಾಯ್

“ತಾಲಾಂತ್, ಎಸೆನ್, ಇಮಾನಾಲಿ, ಸಾತಿಬಾಲ್ದಿ, ಕೊಜೊಬೆಕ್…”

ಅಷ್ಟು ಹೇಳಿ ಬೆರ್ಮೆತ್ ಗಕ್ಕನೆ ನಿಂತಳು. ಜಾಮ್ ಬಾಟಲಿಗೆ ಒರಗಿಸಿಟ್ಟಿದ್ದ ಫೋನು ಅವಳ ಬಾಯಿ ಬಿಟ್ಟ ಮುಖವನ್ನೇ ವಿಡಿಯೊ ಮಾಡುತ್ತಾ ಕೂತಿತ್ತು. ಬೆಳಗಿನಿಂದ ಇದು ಎಷ್ಟನೇ ಸಲವೋ ಲೆಕ್ಕವಿಲ್ಲ. ಐದನೆಯವರ ತನಕ ನಾಲಿಗೆ ಸಲೀಸಾಗಿ ಓಡುತ್ತದೆ. ಆರನೆಯವರ ಹತ್ತಿರ ಬಂದರೆ ಮುಗಿಯಿತು, ಬ್ರೇಕು.

“ಅಜ್ಜೀ, ಆರನೇ ತಾತ ಯಾರು? ಹೇಳ್ಬಿಡು.”

“ಕುದುರೆಮರೀನ ಹೆಗಲ ಮೇಲೆ ಹೊತ್ಕೊಂಡು ಹೊಳೆ ದಾಟಿದೋರು,” ಎಂದಳು ಅಜ್ಜಿ, ಚಹಾ ಸೋಸುತ್ತಾ.

“ಕತೆ ಗೊತ್ತು. ಹೆಸರು ಹೇಳು.”

“ಹೆಸರು ನಾನು ಹೇಳೋ ಹಾಗಿಲ್ಲ ಅಂತ ನಿಂಗೊತ್ತಲ್ಲ ಪುಟ್ಟಿ. ನಾನು ಈ ಮನೆ ಸೊಸೆ.”

ಅಜ್ಜಿಯ ಬಾಯಲ್ಲಿ ಇದ್ದದ್ದು ಮೂರೋ ನಾಲ್ಕೋ ಹಲ್ಲು. ಆದರೂ ಸೊಸೆ ಸೊಸೆಯೇ. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಆಡಬಾರದು ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ತನ್ನ ಗಂಡನನ್ನೇ ಅಜ್ಜಿ ‘ನಿಮ್ಮಪ್ಪನ ಅಪ್ಪ’ ಎಂದು ಸುತ್ತಿ ಬಳಸಿ ಕರೆಯುತ್ತಿದ್ದಳು. ಬರೆದು ತೋರಿಸು ಅಂದರೆ, ಬರೆದರೂ ಒಂದೇ ಅಂದರೂ ಒಂದೇ ಎನ್ನುತ್ತಿದ್ದಳು.

ಅಮ್ಮನೂ ಈ ಮನೆಯ ಸೊಸೆಯೇ ತಾನೆ? ಅತ್ತೆಯ ಮನಸ್ಸು ನೋಯಿಸಬಾರದೆಂದು ಅಮ್ಮನೂ ತುಟಿ ಬಿಚ್ಚುತ್ತಿರಲಿಲ್ಲ. ಗೊತ್ತಿದ್ದವರು ಹೇಳುವಂತಿಲ್ಲ, ಹೇಳಬಹುದಾದವಳಿಗೆ ಗೊತ್ತಿಲ್ಲ. ಇಂಥ ಮನೆಯಲ್ಲಿ ಕೂತು, ಅಪ್ಪನಿಂದ ಹಿಡಿದು ಮೇಲಕ್ಕೆ ಏಳು ತಲೆಮಾರಿನ ತಾತಂದಿರ ಹೆಸರನ್ನು ಬಾಯಿಪಾಠ ಮಾಡಿ, ಮಧ್ಯಾಹ್ನದೊಳಗೆ ವಿಡಿಯೊ ಕಳಿಸಿ ಅಂದಿದ್ದರು ರಾಹಿಮಾ ಟೀಚರ್.

ಅಪ್ಪ ಇದ್ದಿದ್ದರೆ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದ. ಅವನು ಲಾರಿ ಓಡಿಸುವವನು. ಗಡಿ ಮುಚ್ಚಿ, ಲಾರಿಯ ಸಮೇತ ಕಜಕಸ್ತಾನದ ಕಡೆಯೇ ಸಿಕ್ಕಿಹಾಕಿಕೊಂಡಿದ್ದ. ನಿನ್ನೆ ಅವನ ಗುಂಡಿ ಒತ್ತುವ ಫೋನಿನಿಂದ ಕರೆ ಬಂದಿತ್ತು. ಐದನೇ ಹೆಸರು ಹೇಳುತ್ತಿದ್ದ ಹಾಗೇ ಬ್ಯಾಟರಿ ಸತ್ತಿತು. ಆಮೇಲೆ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್.

ಅಮ್ಮ ಜಿಪಾರ್, ನರಿನ್ ಊರಿನ ರೇಡಿಯೊದಲ್ಲಿ ಸುದ್ದಿ, ಹವಾಮಾನ ಓದುವವಳು. ಕೊರೋನಾ ಬಂದು ಶಾಲೆಗೂ ಬೀಗ ಬಿತ್ತು, ರೇಡಿಯೊ ಆಫೀಸಿಗೂ ಬೀಗ ಬಿತ್ತು. ಎರಡೂ ಸೀದಾ ಇವರ ಮನೆಗೇ ಬಂದು ಕೂತವು. ಟೀಚರ್ ಬೆಳಿಗ್ಗೆ ವಾಟ್ಸ್ಆಪ್‌ನಲ್ಲಿ ಪಾಠ ಕಳಿಸುತ್ತಿದ್ದರು, ಕಲಿಸಬೇಕಾದವಳು ಅಮ್ಮ. ಅವಳು ಒಂದು ಕೈಯಲ್ಲಿ ಹಿಟ್ಟು ನಾದುತ್ತಾ, ಇನ್ನೊಂದು ಕೈಯಲ್ಲಿ ಸುದ್ದಿಯ ಹಾಳೆ ಹಿಡಿದು, ಕಿವಿಯನ್ನು ಬೆರ್ಮೆತ್‌ಳ ಮಗ್ಗಿಗೆ ಕೊಟ್ಟಿರುತ್ತಿದ್ದಳು. ‘ಆರೇಳ್ಲ…’ ಎಂದು ಬೆರ್ಮೆತ್ ತಡವರಿಸಿದರೆ, ತಲೆ ಎತ್ತದೆಯೇ ‘ನಲವತ್ತೆರಡು’ ಎಂದು ತುಂಬಿಬಿಡುತ್ತಿದ್ದಳು. ನಿದ್ದೆಯಲ್ಲಿದ್ದರೂ ತುಂಬುತ್ತಿದ್ದಳೇನೋ. ಅಷ್ಟು ಅಭ್ಯಾಸವಾಗಿತ್ತು.

ಮಲಗುವ ಕೋಣೆಯೇ ಸ್ಟುಡಿಯೊ. ನೆಂಟರು ಬಂದರೆ ಹಾಸಲು ಇರಲಿ ಎಂದು ಮರದ ಪೆಟ್ಟಿಗೆಯ ಮೇಲೆ ಕೌದಿಗಳನ್ನು ಸೂರು ಮುಟ್ಟುವಷ್ಟು ಪೇರಿಸಿಟ್ಟಿದ್ದರು. ಆ ರಾಶಿಗೂ ಬೀರುವಿಗೂ ನಡುವೆ ಅಮ್ಮ ಮೈಕು, ಲ್ಯಾಪ್‌ಟಾಪು ಇಟ್ಟುಕೊಂಡು, ಮನೆಯ ಸದ್ದು ಮೈಕಿಗೆ ಬೀಳದಿರಲೆಂದು ತಲೆಯ ಮೇಲೆ ಇನ್ನೊಂದು ಕೌದಿ ಹೊದ್ದು ಕೂರುತ್ತಿದ್ದಳು. ಓದಿ ಮುಗಿಸಿ ಹೊರಗೆ ಬರುವಾಗ ಆಗಷ್ಟೇ ಬೆಂದ ರೊಟ್ಟಿಯ ಹಾಗೆ ಕೆಂಪಗೆ ಉಬ್ಬಿರುತ್ತಿದ್ದಳು.

ಆದರೂ ಎರಡು ಸಲ ಎಡವಟ್ಟಾಗಿತ್ತು. ಮೊದಲನೇ ಸಲ, ‘ಅಮ್ಮಾ, ನನ್ನ ಚಡ್ಡಿ ಎಲ್ಲಿ’ ಎಂದು ಬೆರ್ಮೆತ್ ಕೂಗಿದ್ದು ಇಡೀ ನರಿನ್ ಸೀಮೆಗೆ ಕೇಳಿಸಿತ್ತು. ಎರಡನೇ ಸಲ ಅಜ್ಜಿಯ ಸೀನು. ಅದು ಒಂದಲ್ಲ, ಸಾಲಾಗಿ ಬಂದದ್ದು. ರೇಡಿಯೊದ ಮುಖ್ಯಸ್ಥ ಕುಬಾತ್ ಅಣ್ಣ ಫೋನ್ ಮಾಡಿ, ಇನ್ನೊಂದು ಸಲ ಮನೆಯ ಗಲಾಟೆ ಕೇಳಿದರೆ ಓದುವ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಕಡ್ಡಿ ಮುರಿದಂತೆ ಹೇಳಿದ್ದ. ಅಪ್ಪನ ಲಾರಿ ನಿಂತಿದೆ, ಅಮ್ಮನ ಕೆಲಸವೂ ಹೋದರೆ ಒಲೆ ಹೇಗೆ ಉರಿಯಬೇಕು? ಅಂದಿನಿಂದ ಅಮ್ಮ ಓದುವಾಗ ಬೆರ್ಮೆತ್ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದಳು.

ಹತ್ತು ಗಂಟೆಗೆ ಅಮ್ಮ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹೋಗುವ ಮೊದಲು ಸದ್ದು ಮಾಡಬೇಡಿ ಎಂದು ಇಬ್ಬರಿಗೂ ಬೆರಳು ತೋರಿಸಿದಳು. ಅಜ್ಜಿಗೆ ಸ್ವಲ್ಪ ಜಾಸ್ತಿ ಹೊತ್ತು ತೋರಿಸಿದಳು.

ಅಡುಗೆಮನೆಯ ರೇಡಿಯೊದಲ್ಲಿ ಸಣ್ಣಗೆ ಸುದ್ದಿ ಶುರುವಾಯಿತು. ಬೆರ್ಮೆತ್ ಸಪ್ಪೆ ಮುಖ ಹಾಕಿಕೊಂಡು ತುಟಿ ಅಲುಗಿಸುತ್ತಾ ಅದೇ ಐದು ಹೆಸರನ್ನು ಮೊದಲಿನಿಂದ ಜಪಿಸುತ್ತಿದ್ದಳು. ಅದನ್ನು ನೋಡಿ ಅಜ್ಜಿ ಚಹಾದ ಲೋಟ ಬದಿಗಿಟ್ಟಳು. ಹೆಸರು ಹೇಳಬಾರದು ನಿಜ. ಆಡಿ ತೋರಿಸಬಾರದು ಎಂದು ಯಾರೂ ಹೇಳಿಲ್ಲವಲ್ಲ!

ಅಜ್ಜಿ ದೊಡ್ಡ ದಿಂಬೊಂದನ್ನು ಎತ್ತಿ ಹೆಗಲಿಗೇರಿಸಿದಳು. ಅದೇ ಕುದುರೆಮರಿ. ಲಂಗ ಎತ್ತಿ ಕಟ್ಟಿದಳು. ನಡುಮನೆಯ ಜಮಖಾನೆಯೇ ಹೊಳೆ. ನೀರಿನ ಸೆಳೆತಕ್ಕೆ ಓಲಾಡುತ್ತಾ, ಕಾಲು ಜಾರಿದವಳ ಹಾಗೆ ಮಾಡುತ್ತಾ, ಒದೆಯುವ ಮರಿಯನ್ನು ಸಮಾಧಾನ ಮಾಡುತ್ತಾ ಒಂದೊಂದೇ ಹೆಜ್ಜೆ ಇಟ್ಟಳು. ಬೆರ್ಮೆತ್ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡಳು. ಅವಳಿಗೆ ಹೆಸರಂತೂ ಹೊಳೆಯಲಿಲ್ಲ. ಹೊಟ್ಟೆ ಮಾತ್ರ ನಗು ತಡೆದು ತಡೆದು ನೋಯತೊಡಗಿತು.

ಮೊಮ್ಮಗಳು ನಕ್ಕಷ್ಟೂ ಅಜ್ಜಿಗೆ ಹುರುಪು. ಮರಿ ಕಿವಿ ಕಚ್ಚಿತು, ಮೂಗಿಗೆ ಬಾಲ ಬಡಿಯಿತು, ಸೆಳೆತ ಜೋರಾಯಿತು. ಅಜ್ಜಿ ಹಿಂದೆ ಹಿಂದೆ ಹೋಗಿ ಮಲಗುವ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟಳು. ಅದು ಚಿಲಕ ಹಾಕಿರದ ಬಾಗಿಲು. ಅಜ್ಜಿ, ದಿಂಬು, ಆರನೇ ತಾತ ಎಲ್ಲರೂ ಒಟ್ಟಿಗೆ ಒಳಗೆ ಹೋಗಿ ಕೌದಿಯ ರಾಶಿಗೆ ಬಿದ್ದರು.

ರಾಶಿ ಒಂದು ಕ್ಷಣ ಯೋಚನೆ ಮಾಡಿತು. ಆಮೇಲೆ ಅಮ್ಮನ ಮೇಲೆ ಕವುಚಿಕೊಂಡಿತು.

ಅಮ್ಮನ ದನಿ ನಿಲ್ಲಲಿಲ್ಲ. ಕೌದಿಗಳ ಅಡಿಯಿಂದಲೇ, ಬಾವಿಯ ಒಳಗಿಂದ ಮಾತಾಡಿದ ಹಾಗೆ, “ಈಗ ಹವಾಮಾನ ವರದಿ” ಎಂದು ಮುಂದುವರಿಸಿದಳು. ಭಲೇ ಹೆಂಗಸು! ಬೆರ್ಮೆತ್ ಓಡಿಹೋಗಿ ಕೌದಿ ಎಳೆಯಲು ಶುರು ಮಾಡಿದಳು. ಮಾತಾಡಬಾರದು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಆದರೆ ಬೆಳಗಿನಿಂದ ಬಾಯಲ್ಲೇ ತಿರುಗುತ್ತಿದ್ದ ಹೆಸರುಗಳು ಕೈ ಎಳೆದ ಹಾಗೆಲ್ಲ ತಾವಾಗಿಯೇ ಹೊರಗೆ ಬಂದವು. ಒಂದು ಕೌದಿ, ತಾಲಾಂತ್. ಇನ್ನೊಂದು, ಎಸೆನ್. ಇಮಾನಾಲಿ. ಸಾತಿಬಾಲ್ದಿ. ಕೊಜೊಬೆಕ್.

ಆರನೇ ಕೌದಿ ಭಾರವಾಗಿತ್ತು. ಅದರ ಮೇಲೆ ಅಜ್ಜಿ ಕೂತಿದ್ದಳು.

“ಕೊಜೊಬೆಕ್…” ಎಂದು ಬೆರ್ಮೆತ್ ಎಳೆದಳು. “ಕೊಜೊಬೆಕ್…”

“ನಾಳೆ ನರಿನ್‌ನಲ್ಲಿ ಬೆಳಿಗ್ಗೆ ತೊಕ್ತೊಬಾಯ್,” ಎಂದಿತು ಕೌದಿಯ ಅಡಿಯ ದನಿ, ಬಹಳ ಗಂಭೀರವಾಗಿ. “ಮಧ್ಯಾಹ್ನದ ಮೇಲೆ ಅಲ್ಚಿಬೆಕ್.”

ರೇಡಿಯೊದ ಮಾತು ಅಡುಗೆಮನೆಗೆ ಬರುವಾಗ ಯಾವಾಗಲೂ ಒಂದಿಷ್ಟು ತಡ. ಎಲ್ಲರಿಗೂ ಇನ್ನೊಮ್ಮೆ ಕೇಳಿಸಲಿ ಎಂಬಂತೆ ಅಲ್ಲಿಂದ ಅದೇ ದನಿ ಬಂತು. ನಾಳೆ ನರಿನ್‌ನಲ್ಲಿ ಬೆಳಿಗ್ಗೆ ತೊಕ್ತೊಬಾಯ್.

ಕೌದಿಯ ಅಡಿಯಿಂದ ಗೊರ್ ಎಂದು ಒಂದು ಸದ್ದು ಹೊರಟಿತು. ಅದು ಅಮ್ಮನ ನಗು. ಅವಳು ತಡಕಾಡಿ ಮೈಕು ಆರಿಸುವ ಹೊತ್ತಿಗೆ ಆ ಗೊರಕೆಯೂ ಇಡೀ ಸೀಮೆಗೆ ಹೋಗಿಯಾಗಿತ್ತು. ಆಚೆ ಕಡೆ ಯಾರೋ ಗಡಿಬಿಡಿಯಲ್ಲಿ ಹಾಡು ಹಾಕಿದರು.

ಅಮ್ಮ ಕೂದಲು ಕೆದರಿಕೊಂಡು ಹೊರಗೆ ಬಂದಳು. ಅವಳ ನಗು ನಿಂತುಹೋಗಿತ್ತು. ಕೆಲಸ ಹೋಯಿತು ಎಂದು ಅವಳ ಮುಖದಲ್ಲೇ ಬರೆದಿತ್ತು. ಅದರ ಮೇಲೆ, ಅತ್ತೆಯ ಎದುರಿಗೇ ಹಿರಿಯರ ಹೆಸರು ಹೇಳಿಬಿಟ್ಟಿದ್ದಳು, ಅದೂ ಊರಿಗೆಲ್ಲ ಕೇಳುವ ಹಾಗೆ. “ಅತ್ತೆ, ತಪ್ಪಾಯ್ತು,” ಎಂದಳು.

ಅಜ್ಜಿ ಕೌದಿಯ ಮೇಲೆ ಕೂತೇ ದಿಂಬು ಸವರುತ್ತಾ ಯೋಚಿಸಿದಳು.

“ನೀನೆಲ್ಲಮ್ಮ ಹೇಳ್ದೆ? ರೇಡಿಯೊ ಹೇಳ್ತು,” ಎಂದಳು. “ರೇಡಿಯೊ ಏನು ಈ ಮನೆ ಸೊಸೆನಾ?”

ಅಷ್ಟೇ. ಮೂವರೂ ಕೌದಿಗಳ ಮೇಲೆ ಬಿದ್ದು ಬಿದ್ದು ನಕ್ಕರು. ಫೋನು ಆಗಲೇ ಹೊಡೆದುಕೊಳ್ಳುತ್ತಿತ್ತು.

ಕುಬಾತ್ ಅಣ್ಣನ ಗಂಟಲು ದೂರ ನಿಂತ ಬೆರ್ಮೆತ್‌ಗೂ ಕೇಳಿಸಿತು. ಆಫೀಸಿನ ಫೋನು ಕೆಳಗಿಡಲು ಆಗುತ್ತಿಲ್ಲವಂತೆ. ಅತ್-ಬಾಶಿ ಊರಿನ ಮುದುಕರೊಬ್ಬರು, ತೊಕ್ತೊಬಾಯ್ ನಮಗೂ ತಾತ, ಆ ಮಗು ಯಾರ ಮನೆಯದು, ಒಂದು ಕುರಿ ಕೊಯ್ದು ಕರೆಸಿಕೊಳ್ಳಬೇಕು ಎಂದರಂತೆ. ಇನ್ನೊಬ್ಬರು, ತೊಕ್ತೊಬಾಯ್ ಹೊತ್ತದ್ದು ಎಲ್ಲರೂ ಹೇಳುವ ಹಾಗೆ ಕುದುರೆಮರಿ ಅಲ್ಲ, ಕರು ಎಂದು ಜಗಳಕ್ಕೇ ನಿಂತರಂತೆ. ಅದನ್ನು ಕೇಳಿ ಅಜ್ಜಿ ಸಿಟ್ಟಾಗಿ ದಿಂಬನ್ನು ಅಪ್ಪಿಕೊಂಡಳು. ಅಮ್ಮ ಮಗಳ ನಗು ಇನ್ನೂ ಉಕ್ಕುತ್ತಿತ್ತು. ಆಗ ಕುಬಾತ್ ಅಣ್ಣನ ದನಿ ತಗ್ಗಿತು.

“ಅದೆಲ್ಲ ಹಾಗಿರ್ಲಿ ತಂಗಿ. ಗುಡ್ಡದ ಮೇಲಿಂದ ಒಬ್ಬ ಕುರಿಯವನು ಫೋನ್ ಮಾಡಿದ್ದ. ಮರಿ ಹಾಕೋ ಕಾಲ. ರಾತ್ರಿ ಹಿಮ ಬೀಳುತ್ತೋ ಇಲ್ವೋ ಅಂತ ಕಿವಿಗೊಟ್ಟು ಕೂತಿದ್ರೆ ನಿಮ್ಮ ತಾತಂದಿರು ಬಂದ್ರಂತೆ. ಮರಿಗಳನ್ನ ಮೇಲೇ ಬಿಡ್ಲಾ, ಕೆಳಗೆ ಹೊಡ್ಕೊಂಡು ಬರ್ಲಾ ಅಂತ ಕೇಳ್ತಿದ್ದ. ಅಷ್ಟರಲ್ಲಿ ಲೈನು ಹೋಯ್ತು, ಮತ್ತೆ ಸಿಗ್ತಿಲ್ಲ. ಈಗಲೇ ಇನ್ನೊಂದ್ಸಲ ಓದು. ಮೋಡ ಗಾಳಿ ಬಿಟ್ಟು ಬೇರೆ ಏನಾದ್ರೂ ಕೇಳಿಸ್ತೋ, ನಾಳೆಯಿಂದ ಬೇರೆಯವರು ಓದ್ತಾರೆ.”

ರಾಶಿಯನ್ನು ಮತ್ತೆ ಪೇರಿಸಲು ಸಮಯವಿರಲಿಲ್ಲ. ಅಮ್ಮ ಮೈಕಿನ ಮುಂದೆ ಕೂತಳು. ಬೆರ್ಮೆತ್ ಒಂದು ತುದಿ, ಅಜ್ಜಿ ಒಂದು ತುದಿ ಹಿಡಿದು ಒಂದು ದೊಡ್ಡ ಕೌದಿಯನ್ನು ಅವಳ ಮೇಲೆ ಗುಡಾರದ ಹಾಗೆ ಎತ್ತಿದರು. ಅಜ್ಜಿ ತಲೆವಸ್ತ್ರದ ಸೆರಗನ್ನು ಬಾಯಿಗೆ ತುಂಬಿಕೊಂಡಿದ್ದಳು. ಅವಳ ಭುಜ ಕುಲುಕುತ್ತಿತ್ತು. ಬೆರ್ಮೆತ್ ಆ ಕಡೆ ನೋಡಲೇ ಇಲ್ಲ. ನೋಡಿದರೆ ಅಮ್ಮನ ಕೆಲಸ ಹೋಯಿತು ಅಂತಲೇ ಲೆಕ್ಕ. ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡು ಅಮ್ಮನ ಮಾತಿಗೆ ಕಿವಿಗೊಟ್ಟಳು.

“ಡೊಲೊನ್ ಘಟ್ಟದ ಮೇಲ್ಭಾಗದಲ್ಲಿ ಇಂದು ಸಂಜೆಯಿಂದ ಹಿಮ, ಜೋರು ಗಾಳಿ,” ಎಂದು ಅಮ್ಮ ಓದಿದಳು. “ಎಳೆಯ ಮರಿಗಳಿರುವವರು ಕತ್ತಲಾಗುವ ಮೊದಲೇ ಕೆಳಗೆ ತಂದುಕೊಳ್ಳಿ.” ನಿಂತು, ಅದೇ ಮಾತನ್ನು ನಿಧಾನವಾಗಿ ಮತ್ತೊಮ್ಮೆ ಓದಿದಳು.

ಇಷ್ಟು ದಿನ ಬೆರ್ಮೆತ್‌ಗೆ ಹವಾಮಾನ ವರದಿ ಎಂದರೆ ತಾನು ಬಾಯಿ ಮುಚ್ಚಿಕೊಂಡಿರಬೇಕಾದ ಹೊತ್ತು, ಅಷ್ಟೇ. ಅಮ್ಮ ಯಾರಿಗೆ ಹೇಳುತ್ತಿದ್ದಾಳೆ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಈಗ ಕಣ್ಣ ಮುಂದೆ ಒಬ್ಬ ಮನುಷ್ಯ ಬಂದ. ರೇಡಿಯೊವನ್ನು ಕಿವಿಗೆ ಒತ್ತಿ ಹಿಡಿದಿದ್ದ. ಅವನ ಕಾಲ ಸುತ್ತ ಮರಿಗಳಿದ್ದವು. ಅವನಿಗೆ ಕೇಳಿಸಿತೋ ಇಲ್ಲವೋ. ಬೆರ್ಮೆತ್‌ಳ ನಗು ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ತೋಳು ನೋಯುತ್ತಿದ್ದವು, ಆದರೂ ಅಮ್ಮ ಮೈಕು ಆರಿಸುವ ತನಕ ಅವಳು ಕೌದಿ ಇಳಿಸಲಿಲ್ಲ.

ಆಮೇಲೆ ವಿಡಿಯೊ ಮಾಡಿದ್ದು ಒಂದೇ ಏಟಿಗೆ. ಏಳೂ ತಾತಂದಿರು ಸಾಲಾಗಿ ಬಂದರು. ‘ಎಸೆನ್’ ಎಂದು ತನ್ನ ಗಂಡನ ಹೆಸರು ಬಂದಾಗ ಹಿಂದೆ ಚಹಾ ಹಿಡಿದು ಹೋಗುತ್ತಿದ್ದ ಅಜ್ಜಿ ಮದುವಣಗಿತ್ತಿಯ ಹಾಗೆ ಮುಖ ಮುಚ್ಚಿಕೊಂಡದ್ದೂ ವಿಡಿಯೊದಲ್ಲಿ ಬಂದುಬಿಟ್ಟಿತು. ಇರಲಿ ಬಿಡು ಎಂದು ಅಮ್ಮ ಹಾಗೇ ಕಳಿಸಿದಳು. ಕಳಿಸಿ ಹಿಟ್ಟು ನಾದಲು ಹೋದಳು. ಅವಳು ಹಿಟ್ಟನ್ನು ಗುದ್ದುವುದಕ್ಕಿಂತ ಕಿಟಕಿಯ ಆಚೆ ಬೆಟ್ಟದ ಕಡೆ ನೋಡುತ್ತಿದ್ದುದೇ ಹೆಚ್ಚು.

ಬಿಸಿಲು ಇಳಿಯುವ ಹೊತ್ತಿಗೆ ಫೋನು ಹೊಡೆದುಕೊಂಡಿತು. ಅಮ್ಮನ ಎರಡೂ ಕೈ ಹಿಟ್ಟಿನಲ್ಲಿದ್ದವು, ಬೆರ್ಮೆತ್ ಎತ್ತಿದಳು. ಕುಬಾತ್ ಅಣ್ಣ. ನಾಳೆ ಹತ್ತಕ್ಕೆ ಮಾಮೂಲಿನಂತೆ ಓದಬೇಕೆಂದು ಅಮ್ಮನಿಗೆ ಹೇಳು ಎಂದ. ಕುರಿಯವನು ಲೈನಿಗೆ ಬಂದಿದ್ದಾನೆ, ಸೇರಿಸುತ್ತೇನೆ, ಇರು ಎಂದ.

ಗಾಳಿಯ ಸದ್ದು ಮೊದಲು ಕೇಳಿಸಿತು. ಆಮೇಲೆ ಏದುಸಿರು ಬಿಡುತ್ತಿದ್ದ ಗಂಡಸಿನ ದನಿ.

“ರೇಡಿಯೊ ಅಮ್ಮನ ಮನೆನಾ? ಎಲ್ಲಾನೂ ಕೆಳಗೆ ತಂದ್ಬಿಟ್ಟೆ ಅಂತ ಹೇಳು ಮಗಾ. ಮೇಲೆ ಆಗ್ಲೇ ಬೀಳ್ತಾ ಇದೆ.”

ಅವನ ಹಿಂದೆ ಮರಿಗಳು ಒಂದರ ಮೇಲೊಂದು ಬ್ಯಾ ಬ್ಯಾ ಎನ್ನುತ್ತಿದ್ದವು.

ಬೇರೆ ದಿನವಾಗಿದ್ದರೆ ಬೆರ್ಮೆತ್ ಇದ್ದಲ್ಲಿಂದಲೇ ಅಮ್ಮಾ ಎಂದು ಮನೆ ಹಾರಿಹೋಗುವ ಹಾಗೆ ಕೂಗುತ್ತಿದ್ದಳು. ಇವತ್ತು ಕೂಗಲಿಲ್ಲ. ಮೆಲ್ಲಗೆ ಅಡುಗೆಮನೆಗೆ ನಡೆದು, ತುದಿಗಾಲಲ್ಲಿ ನಿಂತು, ಫೋನನ್ನು ಅಮ್ಮನ ಕಿವಿಗೆ ಹಿಡಿದಳು.