ಛೀ ಮೇಡಂ ಒತ್ತಿದ ಕ್ಲಿಪ್ಪು

ಗಂಟೆ ನಾಲ್ಕಾಗುತ್ತಿದ್ದ ಹಾಗೆ ವಾರ್ಡಿನ ಬಾಗಿಲು ತೆರೆದು, ರೋಗಿಗಳನ್ನು ನೋಡಲು ಬಂದವರನ್ನು ಒಳಗೆ ಬಿಟ್ಟರು. ಗುಂಪಿನ ಹಿಂದೆ ವಾಚ್ ರಿಪೇರಿಯವನ ತಲೆ ಕಂಡಿದ್ದೇ ತಡ, ಛೀ ಮೇಡಂ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಎಳೆದ ರಭಸಕ್ಕೆ ಹೊಟ್ಟೆಯ ಮೇಲಿನ ಗಾಯ ಚುರ್ರೆಂದಿತು.

ಆ ಹೆಸರು ಅವಳಿಗೆ ಬೀದಿಯವರು ಇಟ್ಟದ್ದು. ಟೈಲರ್ ಅಂಗಡಿ ಅವಳದು. ಅವಳ ಹೊಲಿಗೆಗೆ ಯಾರೂ ಹೆಸರಿಡುವಂತಿರಲಿಲ್ಲ, ಅವಳು ಮಾತ್ರ ಎಲ್ಲದಕ್ಕೂ ಹೆಸರಿಡುತ್ತಿದ್ದಳು. ಬೆವರು ಕಟ್ಟಿದ ಕಾಲರ್ ಕಂಡರೆ ಛೀ. ಅಳತೆಗೆ ಕೊಟ್ಟ ಪ್ಯಾಂಟಿನ ಜೇಬಿನಲ್ಲಿ ಮೂಗು ಒರೆಸಿದ ಕಾಗದ ಸಿಕ್ಕರೆ ಛೀ ಛೀ. ಪಕ್ಕದಂಗಡಿಯಲ್ಲಿ ವಾಚ್ ರಿಪೇರಿ ಮಾಡುವವನಂತೂ ಉಗುರಿನಲ್ಲಿ ಕಪ್ಪು ಎಣ್ಣೆ ಇಟ್ಟುಕೊಂಡೇ ಹುಟ್ಟಿದ ಹಾಗಿದ್ದ. ಅವನಿಗೆಂದೇ ಅವಳು ಬಾಗಿಲ ಪಕ್ಕದ ನಲ್ಲಿಯ ಕಟ್ಟೆಯ ಮೇಲೆ ನಿಂಬೆ ವಾಸನೆಯ ಸೋಪು ಇಟ್ಟಿದ್ದಳು. ಕೈ ತೊಳೆಯದೆ ಹೊಸ್ತಿಲು ದಾಟುವಂತಿಲ್ಲ.

ಐದು ವರ್ಷದಿಂದ ಅವನು ದಿನಕ್ಕೆ ಎರಡು ಸಲ ಕೈ ತೊಳೆದು, ಎರಡೂ ಅಂಗೈ ಎತ್ತಿ ತೋರಿಸಿ, ಅವಳು ತಲೆಯಾಡಿಸಿದ ಮೇಲೆ ಒಳಗೆ ಬರುತ್ತಿದ್ದ. ಆ ತಪಾಸಣೆಯನ್ನು ಅವಳು ಬೇಕೆಂದೇ ನಿಧಾನವಾಗಿ ಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು.

ಅವಳು ಆಸ್ಪತ್ರೆ ಸೇರುವ ಹಿಂದಿನ ದಿನ ಅಂಗೈ ತೋರಿಸುತ್ತಲೇ ಕೇಳಿಬಿಟ್ಟಿದ್ದ. "ಮೇಡಂ, ನನ್ನನ್ನ ಮದುವೆ ಆಗ್ತೀರಾ?"

"ಆಪರೇಷನ್ ಮುಗೀಲಿ. ಹೇಳ್ತೀನಿ," ಎಂದಿದ್ದಳು. ಆಗ ಅವಳ ಮನಸ್ಸಿನಲ್ಲಿದ್ದದ್ದು ಹೂಂ ಎಂಬ ಉತ್ತರವೇ. ಈಗ ಅದು ಬದಲಾಗಿತ್ತು.

ಲಿವರ್‌ನಲ್ಲಿ ಬೆಳೆದಿದ್ದ ಗಂಟನ್ನು, ಸುತ್ತಲಿನ ಒಂದು ತುಂಡು ಲಿವರ್ ಸಮೇತ ಕತ್ತರಿಸಿ ತೆಗೆದು ಮೂರು ದಿನವಾಗಿತ್ತು. ಗಂಟು ಅಪಾಯದ್ದಲ್ಲ ಎಂದು ಡಾಕ್ಟರು ಹೇಳಿದ್ದರು. ಹಾಗಂತ ಅವಳ ಮುಖವೇನೂ ಅರಳಿರಲಿಲ್ಲ. ತಲೆ ತೊಳೆದು ನಾಲ್ಕು ದಿನ. ಬಾಯಲ್ಲಿ ತುಕ್ಕು ಹಿಡಿದ ಗುಂಡುಪಿನ್ನು ಕಚ್ಚಿಕೊಂಡಂಥ ರುಚಿ. ಒಂದು ಪಕ್ಕದ ಮಂಚದಿಂದ ಬೇಯಿಸಿದ ಮೊಟ್ಟೆಯ ವಾಸನೆ, ಇನ್ನೊಂದು ಪಕ್ಕದಿಂದ ಬೆಡ್‌ಪ್ಯಾನಿನದು. ಯಾವುದಕ್ಕೆ ಮೂಗು ಮುಚ್ಚಿಕೊಳ್ಳಬೇಕೆಂದು ತಿಳಿಯದೆ ಅವಳು ಚಾವಣಿಗೆ ಮುಖ ಮಾಡಿ ಮಲಗುತ್ತಿದ್ದಳು. ಗಾಯದ ಪಟ್ಟಿ ಬದಲಾಯಿಸುವಾಗ ಒಂದು ಸಲ ಬಗ್ಗಿ ನೋಡಿ ಅಕ್ಕನ ಹತ್ತಿರ ದೂರಿದ್ದಳು. "ದಾರಾನೂ ಅಲ್ಲ ಕಣೇ ಅಕ್ಕ, ಕಾಗದಕ್ಕೆ ಹೊಡೀತಾರಲ್ಲ, ಆ ಥರ ಪಿನ್ನು! ನಾನಾಗಿದ್ರೆ ಪೂರ್ತಿ ಬಿಚ್ಚಿ ಮತ್ತೆ ಹೊಲೀತಿದ್ದೆ."

ಅದಕ್ಕಿಂತ ಅಸಹ್ಯ ಮೈಯಿಂದ ನೇತಾಡುತ್ತಿದ್ದ ಎರಡು ಕೊಳವೆಗಳು. ಒಂದು ದಪ್ಪನೆಯದು, ಪಕ್ಕೆಯಿಂದ ಹೊರಟು ಒಂದು ಚೀಲ ಸೇರುತ್ತಿತ್ತು. ಚೀಲದಲ್ಲಿ ರಕ್ತವೂ ಅಲ್ಲದ, ಪಿತ್ತವೂ ಅಲ್ಲದ ಕಂದು ನೀರು. ಇನ್ನೊಂದು ದಾರದಷ್ಟು ಸಣ್ಣದು, ಗಾಯದ ಅಂಚಿನಿಂದ ಹೊರಟು ಕಿತ್ತಳೆ ಗಾತ್ರದ ಒಂದು ಮೆತ್ತನೆಯ ಚೆಂಡಿಗೆ ಸೇರಿತ್ತು. ಚೆಂಡನ್ನು ಬಟ್ಟೆಚೀಲದಲ್ಲಿಟ್ಟು ಮಂಚದ ಕಂಬಿಗೆ ಕಟ್ಟಿದ್ದರು.

ಯಾವುದು ಏನೆಂದು ಮೊದಲ ದಿನ ಡ್ಯೂಟಿಯಲ್ಲಿದ್ದ ಬೇರೊಬ್ಬ ನರ್ಸ್ ಹೇಳಿದ್ದಳು. ಆ ಹೊತ್ತಿಗೆ ಛೀ ಮೇಡಂ ನೋವಿನ ಇಂಜೆಕ್ಷನ್ ಒಗ್ಗದೆ ಬೇಸಿನ್ನಿಗೆ ಮುಖವಿಟ್ಟು ವಾಂತಿ ಮಾಡುತ್ತಿದ್ದಳು, ಒಂದಕ್ಷರವೂ ಕಿವಿಗೆ ಬಿದ್ದಿರಲಿಲ್ಲ. ಆಮೇಲೆ ಅಕ್ಕನನ್ನು ಕೇಳಿದಳು. ಅಕ್ಕ ಗೊತ್ತಿಲ್ಲದ್ದನ್ನೇ ಹೆಚ್ಚು ಧೈರ್ಯವಾಗಿ ಹೇಳುವವಳು. "ಒಳಗಿನ ಕೆಟ್ಟ ನೀರು ಹೊರಗೆ ಬರೋಕೆ ಕಣೇ. ಎರಡೂ ಅಷ್ಟೇ," ಎಂದುಬಿಟ್ಟಳು.

ಅದೇ ಅಕ್ಕ ಇವತ್ತು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ, "ನಿನ್ನೆ ವಾಚಿನೋರು ಬಂದಿದ್ರು. ನೀನು ಬಾಯಿ ತೆರ್ಕೊಂಡು ಒಳ್ಳೇ ನಿದ್ದೆಯಲ್ಲಿದ್ದೆ. ಪಾಪ, ಒಂದು ಗಂಟೆ ಕೂತಿದ್ರು. ಆ ಚೆಂಡನ್ನ ಬಗ್ಗಿ ಬಗ್ಗಿ ನೋಡಿದ್ರು. ಇವತ್ತೂ ಬರ್ತಾರಂತೆ," ಎಂದಳು.

ಭೂಮಿ ಬಾಯಿಬಿಡಬಾರದೇ ಅನಿಸಿತು ಅವಳಿಗೆ. ತನ್ನ ಹೊಟ್ಟೆಯ ಗಲೀಜನ್ನು ಅವನು ಬಗ್ಗಿ ನೋಡಿದ! ಡಾಕ್ಟರು ಬಂದು ಹೋದ ಮೇಲೆ, ಅಕ್ಕ ಸ್ನಾನಕ್ಕೆ ಹೋದಾಗ, ಸಣ್ಣ ಕೊಳವೆಯ ಮೇಲಿದ್ದ ಬಿಳಿ ಕ್ಲಿಪ್ಪನ್ನು ಟಕ್ಕೆಂದು ಒತ್ತಿದಳು. ಒಂದಾದರೂ ಅವನೆದುರಿಗೆ ತೊಟ್ಟಿಕ್ಕುವುದು ಬೇಡ. ಕ್ಲಿಪ್ಪಿಲ್ಲದ ದಪ್ಪ ಕೊಳವೆಯ ಚೀಲವನ್ನು ಹೊದಿಕೆಯ ಕೆಳಗೆ ತಳ್ಳಿದಳು.

ಮಧ್ಯಾಹ್ನದ ಹೊತ್ತಿಗೆ ಗಾಯಕ್ಕೆ ಬೆಂಕಿ ಬಿದ್ದ ಹಾಗಾಯಿತು. ನರ್ಸ್ ಕೇಳಿದಾಗ ಹಲ್ಲು ಕಚ್ಚಿ "ಪರವಾಗಿಲ್ಲ" ಎಂದಳು. ನೋವು ಎಂದರೆ ಮತ್ತೆ ಆ ಇಂಜೆಕ್ಷನ್ ಕೊಡುತ್ತಾರೆ. ಅದನ್ನು ಕೊಟ್ಟರೆ ವಾಂತಿಯಾಗುತ್ತದೆ, ಅದೂ ಅವನು ಬರುವ ಹೊತ್ತಿಗೆ.

ಈಗ ಬಂದವನು ಮಂಚದ ಬುಡದಲ್ಲಿ ನಿಂತು, ಅಭ್ಯಾಸಬಲದಿಂದ ಎರಡೂ ಅಂಗೈ ಎತ್ತಿ ತೋರಿಸಿದ. ಉಜ್ಜಿ ಉಜ್ಜಿ ಬೆರಳ ತುದಿ ಕೆಂಪಾಗಿತ್ತು, ಉಗುರಿನಲ್ಲಿ ಒಂದು ಗೆರೆ ಕಪ್ಪಿಲ್ಲ. ಗಾಳಿಯಲ್ಲಿ ನಿಂಬೆ ವಾಸನೆ ಬಂತು.

"ಅದು ನಮ್ಮಂಗಡಿ ಸೋಪಲ್ವಾ?"

"ಕಾಗದದಲ್ಲಿ ಸುತ್ಕೊಂಡು ಬಂದೆ. ಇಲ್ಲಿಯ ಸೋಪಲ್ಲಿ ತೊಳೆದ್ರೆ ನೀವು ಒಳಗೆ ಬಿಟ್ಕೊಳ್ಳಲ್ಲ ಅಂತ."

"ನಿನ್ನೆ ಯಾರನ್ನ ಕೇಳಿ ಬಂದ್ರಿ?"

"ಗೊರಕೆ ಕೇಳ್ಕೊಂಡೇ ಬಂದೆ."

"ಛೀ!"

"ಅಬ್ಬ, ಈಗ ಸಮಾಧಾನ ಆಯ್ತು. ನಾಲ್ಕು ದಿನದಿಂದ ಒಂದೂ ಛೀ ಕೇಳಿರಲಿಲ್ಲ."

ತುಟಿಯವರೆಗೆ ಬಂದ ನಗುವನ್ನು ನೋವು ಹಿಡಿದು ಹಿಂದಕ್ಕೆಳೆಯಿತು. ಅಕ್ಕ ಇಬ್ಬರ ಮುಖವನ್ನೂ ನೋಡಿ, ಟೀ ತರುತ್ತೇನೆಂದು ಎದ್ದುಹೋದಳು. ಅವಳಿಗೂ ಒಮ್ಮೊಮ್ಮೆ ಬುದ್ಧಿ ಓಡುತ್ತದೆ.

ಛೀ ಮೇಡಂ ಗೋಡೆಗೆ ಮುಖ ತಿರುಗಿಸಿದಳು. "ಉತ್ತರ ಕೇಳೋಕೆ ಬಂದಿದ್ದೀರಿ ತಾನೆ? ಆಗಲ್ಲ. ಹೋಗಿ."

ಅವನು ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತ. "ಯಾಕೆ ಅಂತ ಹೇಳಿ. ಹೋಗ್ತೀನಿ."

"ನೋಡಿದ್ರಲ್ಲ ನನ್ನ ಅವಸ್ಥೆನ. ನನಗೇ ನನ್ನ ಮುಟ್ಟಿಕೊಳ್ಳೋಕೆ ಹೇಸಿಗೆ ಆಗುತ್ತೆ." ಹೊದಿಕೆಯ ಅಂಚನ್ನು ಹೊಲಿಗೆಗೆಂಬಂತೆ ಮಡಿಸಿದಳು. "ಅಮ್ಮ ಹಾಸಿಗೆ ಹಿಡಿದಾಗ ಮೂರು ತಿಂಗಳು ನಾನೇ ನೋಡ್ಕೊಂಡೆ. ಒಂದು ದಿನ ಬಟ್ಟೆ ಬದಲಾಯಿಸ್ತಾ ತಡೆಯೋಕಾಗದೆ ಮುಖ ತಿರುಗಿಸಿಬಿಟ್ಟೆ. ಅಮ್ಮ ಅದನ್ನ ನೋಡಿಬಿಟ್ಲು. 'ಸಾರಿ ಮಗಳೇ' ಅಂದ್ಲು ಅಷ್ಟೇ. ನೀವು ಹಾಗೆ ಮುಖ ತಿರುಗಿಸೋದನ್ನ ನಾನು ನೋಡಬೇಕಾ? ಬೇಡ. ಅದಕ್ಕಿಂತ ಒಬ್ಬಳೇ ಇರ್ತೀನಿ."

ವಾಚಿನವನು ತನ್ನ ತೊಳೆದ ಕೈಗಳನ್ನು ನೋಡಿಕೊಂಡ.

"ನನಗೂ ಹೇಸಿಗೆ ಆಗುತ್ತೆ ಮೇಡಂ," ಎಂದ. "ಆಗಲ್ಲ ಅಂತ ಸುಳ್ಳು ಹೇಳಲಾ? ನಿನ್ನೆ ಆ ಕಂದು ಚೀಲ ನೋಡಿ ಹೊಟ್ಟೆ ತೊಳಸಿತು. ಹೊರಗೆ ಹೋಗಿ ಎರಡು ಲೋಟ ನೀರು ಕುಡಿದು, ವಾಪಸ್ ಬಂದು ಕೂತೆ. ನಿಮ್ಮಮ್ಮನ ಹತ್ರ ನೀವು ಮುಖ ತಿರುಗಿಸಿದ್ದು ಒಂದು ಗಳಿಗೆ. ಇದ್ದದ್ದು ಮೂರು ತಿಂಗಳು. ಅವರಿಗೆ ಎರಡೂ ಗೊತ್ತಿತ್ತು."

ಅವಳಿಗೆ ಅಳು ಉಕ್ಕಿಬಂತು. ಬಿಕ್ಕಿದ್ದೇ ತಡ, ಹೊಟ್ಟೆಯನ್ನು ಯಾರೋ ಕತ್ತರಿಯಲ್ಲಿ ಮತ್ತೆ ಸೀಳಿದ ಹಾಗಾಗಿ "ಅಮ್ಮಾ" ಎಂದು ಕಂಬಿ ಹಿಡಿದಳು. ಹಣೆಯಲ್ಲಿ ಬೆವರು ಹನಿಹನಿಯಾಗಿ ನಿಂತಿತು.

ಅವನು ಎದ್ದುನಿಂತ. "ಇಷ್ಟು ನೋವು ಇರಬಾರದಲ್ಲ. ನಿನ್ನೆ ಆರಾಮಾಗಿ ಮಲಗಿದ್ರಿ." ಅವನ ಕಣ್ಣು ಬಟ್ಟೆಚೀಲದಿಂದ ಕೊಳವೆಗುಂಟ ಹರಿದು ಒಂದು ಕಡೆ ನಿಂತಿತು. ಕೂದಲೆಳೆಯಂಥ ಸ್ಪ್ರಿಂಗ್ ಒಂದಿಷ್ಟು ಓರೆಯಾದರೂ ಪತ್ತೆಹಚ್ಚುವ ಕಣ್ಣು ಅದು. "ಈ ಕ್ಲಿಪ್ ಯಾರು ಒತ್ತಿದ್ದು?"

"ನಾನೇ. ಆ ಗಲೀಜು ಬರಬಾರದು ಅಂತ."

"ಗಲೀಜಾ? ಇದರಿಂದ ಏನೂ ಹೊರಗೆ ಬರಲ್ಲ ಮೇಡಂ, ಒಳಗೆ ಹೋಗುತ್ತೆ! ಔಷಧಿ ಇದು!"

"ಮತ್ತೆ ನೋಡ್ತಾ ನಿಂತಿದ್ದೀರಲ್ಲ, ತೆಗೀರಿ!"

"ಬೇರೆಯವರು ಕೂಡಿಸಿದ ಯಂತ್ರಕ್ಕೆ ನಾನು ಕೈ ಹಾಕಲ್ಲ," ಎನ್ನುತ್ತಲೇ ಅವನು ನರ್ಸನ್ನು ಕರೆಯಲು ಓಡಿದ.

ನರ್ಸ್ ಬಂದವಳು ಕ್ಲಿಪ್ ನೋಡಿ ಹಣೆ ಚಚ್ಚಿಕೊಂಡಳು. "ಹಲ್ಲು ಕೀಳೋವಾಗ ಮರಗಟ್ಟಿಸ್ತಾರಲ್ಲ, ಆ ಥರದ ಔಷಧಿ ಇದು. ಚೆಂಡು ಕುಗ್ತಾ ಕುಗ್ತಾ ನೇರ ಗಾಯಕ್ಕೇ ಬಿಡ್ತಾ ಇರುತ್ತೆ. ನಿಮಗೆ ಆ ಇಂಜೆಕ್ಷನ್ ಒಗ್ಗಲ್ಲ ಅಂತಾನೇ ಇದನ್ನ ನಂಬ್ಕೊಂಡಿರೋದು. ನಿನ್ನೆ ಇವರಿಗೆ ಅಷ್ಟು ಹೊತ್ತು ವಿವರಿಸಿದೆ. ನಿಮಗೆ ಯಾರೂ ಹೇಳಲಿಲ್ವಾ?"

ಅಷ್ಟರಲ್ಲಿ ಟೀ ಹಿಡಿದು ಬಂದ ಅಕ್ಕ ಬಾಗಿಲಲ್ಲೇ ನಿಂತಳು. "ನನಗೇನೋ ಮೊದಲೇ ಅನುಮಾನ ಇತ್ತು," ಎಂದಳು.

ನರ್ಸ್ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಕೊಳವೆಗೆ ಮರಗಟ್ಟಿಸುವ ಔಷಧಿಯನ್ನು ನಿಧಾನವಾಗಿ ಸೇರಿಸಿ, ಕ್ಲಿಪ್ ತೆರೆದಳು. "ಇಪ್ಪತ್ತು ನಿಮಿಷ ತಡ್ಕೊಳ್ಳಿ. ಆಗಾಗ ಬಂದು ನೋಡ್ತೀನಿ."

ತಡೆದುಕೊಳ್ಳಲು ಹೊಟ್ಟೆ ಒಪ್ಪಲಿಲ್ಲ. ನೋವಿಗೋ, ಮೊಟ್ಟೆಯ ವಾಸನೆಗೋ, ಒಳಗಿನದೆಲ್ಲ ಒಮ್ಮೆಲೇ ಗಂಟಲಿಗೆ ಬಂತು. ವಾಚಿನವನು ಬೇಸಿನ್ನು ಹಿಡಿಯುವುದು ಅರೆಗಳಿಗೆ ತಡವಾಯಿತು. ಉಜ್ಜಿ ಕೆಂಪಾಗಿದ್ದ ಆ ಅಂಗೈ ಮೇಲೆ, ಇಸ್ತ್ರಿ ಹಾಕಿದ ತೋಳಿನ ಮೇಲೆ, ಹುಳಿ ಹಳದಿ ನೀರು.

ಅವಳು ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡಿದಳು. ಬೇರೆಲ್ಲೂ ನೋಡಲಾಗಲಿಲ್ಲ.

ಅವನ ಮೂಗು ಸೊಟ್ಟಗಾಯಿತು. ಕೆನ್ನೆ ಹಿಂಡಿಕೊಂಡಿತು. ಒಂದು ಸಲ ಗಟ್ಟಿಯಾಗಿ ಉಗುಳು ನುಂಗಿದ. ಮುಖ ಮಾತ್ರ ಅವಳ ಕಡೆಗೇ ಇತ್ತು.

"ಛೀ," ಎಂದ.

ಅವಳಿಗೆ ನಗು ಬಂದುಬಿಟ್ಟಿತು. "ನಗಿಸಬೇಡ್ರಿ! ಆ ಪಿನ್ನುಗಳ ಮೇಲೆ ನನಗೆ ನಂಬಿಕೆ ಇಲ್ಲ!"

ಅಕ್ಕ ಬಟ್ಟೆ ತರುತ್ತೇನೆಂದು ಹೋದಳು. ಅವನು ಇನ್ನೊಂದು ಕೈಯಿಂದ ಬೇಸಿನ್ನು ಹಿಡಿದೇ ಇದ್ದ. ಎರಡನೆಯ ಸಲ ಬಂದಾಗ ಸರಿಯಾಗಿ ಹಿಡಿದ. ನಿಧಾನವಾಗಿ, ಪಕ್ಕೆಯ ಕಡೆಯಿಂದ ಶುರುವಾಗಿ, ಉರಿ ಇಳಿಯತೊಡಗಿತು. ಹೊಟ್ಟೆ ಇನ್ನೂ ಅಲ್ಲೇ ಇತ್ತು, ಗಾಯವೂ ಇತ್ತು, ಆದರೆ ಎರಡೂ ಪಕ್ಕದ ಕೋಣೆಗೆ ಹೋದ ಹಾಗಿತ್ತು. ಅವಳು ಉದ್ದಕ್ಕೆ ಉಸಿರು ಬಿಟ್ಟಳು.

ಅವನು ಜೇಬಿನಲ್ಲಿದ್ದ ಸೋಪಿನ ಕಾಗದದ ಪೊಟ್ಟಣವನ್ನು ಗಲ್ಲದಿಂದಲೇ ತೋರಿಸಿದ. "ಕೈ ತೊಳ್ಕೊಂಡು ಬರ್ತೀನಿ."

"ಕೂತ್ಕೊಳ್ಳಿ."

"ಮೇಡಂ, ನೋಡಿ ಇದು..."

"ನೋಡಿದೆ. ನಂದೇ ಅದು." ಅವಳು ಕೈ ಚಾಚಿ ಆ ಅಂಗೈಯನ್ನು ಹಿಡಿದಳು. ಅಂಟಂಟು, ತಣ್ಣಗೆ, ಹುಳಿ ನಾತ. ಮೈಯೆಲ್ಲ ಮುಳ್ಳೆದ್ದಿತು. ಅಸಹ್ಯವೆಂದರೆ ಅಸಹ್ಯ. ಬಿಡಲಿಲ್ಲ.

"ಆಗ್ತೀನಿ," ಎಂದಳು.

"ಏನು?"

"ಮದುವೆ. ಇನ್ನೇನು, ಆಪರೇಷನ್ನಾ?"

ವಾಚಿನವನು ಕಣ್ಣೊರೆಸಿಕೊಳ್ಳಲು ಕೈ ಎತ್ತಹೋದ. ಒಂದರಲ್ಲಿ ಬೇಸಿನ್ನು, ಇನ್ನೊಂದು ಅವಳ ಕೈಯಲ್ಲಿ.

"ಅಳಬೇಡಿ, ಮೂಗೆಲ್ಲ ಸುರಿಯುತ್ತೆ," ಎಂದಳು ಅವಳು. "ಛೀ. ಹೋಗಿ, ಕೈ ತೊಳ್ಕೊಂಡು ಬನ್ನಿ."

"ನೀವು ಬಿಟ್ರೆ ಹೋಗ್ತೀನಿ."

ಅಕ್ಕ ಒದ್ದೆ ಬಟ್ಟೆ ತಂದು, ಅವರಿಬ್ಬರನ್ನೂ ನೋಡಿ, ಅದನ್ನು ಹಿಡಿದುಕೊಂಡು ಮಂಚದ ಬುಡದಲ್ಲೇ ನಿಂತಳು. ನೋಡಲು ಬಂದವರೆಲ್ಲ ಹೊರಡಬೇಕೆಂದು ಗಂಟೆ ಬಾರಿಸಿದರು. ಛೀ ಮೇಡಂ ಆಗಲೂ ಕೈ ಬಿಟ್ಟಿರಲಿಲ್ಲ.