ಬೆಳ್ಳಿ ಪಟ್ಟಿಯ ಜಾಕೆಟ್

ತಿಕ್ಕಿದಷ್ಟೂ ಕಪ್ಪು ನೀರು ಇಳಿಯುತ್ತಲೇ ಇತ್ತು. ಪುಟ್ಟಿ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು, ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಅಮ್ಮನ ಕಿತ್ತಳೆ ಜಾಕೆಟ್ಟನ್ನು ಉಜ್ಜುತ್ತಿದ್ದಳು. ಎದೆಯ ಮೇಲಿನ ಬೆಳ್ಳಿ ಪಟ್ಟಿಗಳದೇ ಹೆಚ್ಚು ಹಟ. ಡಾಂಬರು ಅಲ್ಲೇ ಅಂಟಿಕೊಂಡಿತ್ತು.

ಅಮ್ಮನದು ರಸ್ತೆ ರಿಪೇರಿ ಕೆಲಸ, ಸಂಜೆ ಪಾಳಿ. ಉಳಿದವರು ಗುಂಡಿ ಮುಚ್ಚುವಾಗ ಅಮ್ಮ ‘ನಿಲ್ಲಿ’ ಎಂಬ ಬೋರ್ಡ್ ಹಿಡಿದು, ಬರುವ ಗಾಡಿಗಳಿಗೆ ಎದುರಾಗಿ ನಿಲ್ಲಬೇಕು. ನಿನ್ನೆ ಸ್ಪೋರ್ಟ್ಸ್ ಮುಗಿಸಿ ತಡವಾಗಿ ಹೊರಟ ಪುಟ್ಟಿಯ ಸ್ಕೂಲ್ ಬಸ್ಸು ಅಮ್ಮನ ಮುಂದೆಯೇ ನಿಂತಿತ್ತು.

“ನಿಮ್ಮಮ್ಮ ಡಾಂಬರ್ ಡ್ರಮ್ಮಲ್ಲಿ ಈಜಾಡಿ ಬಂದ್ರೇನೇ?” ಎಂದಿದ್ದಳು ಪಕ್ಕದ ಸೀಟಿನ ಉದ್ದಜಡೆಯ ಹುಡುಗಿ. ಬಸ್ಸಿಗೆ ಬಸ್ಸೇ ನಕ್ಕಿತ್ತು.

ಅಮ್ಮ ಕೈ ಬೀಸಿದಳು. ಪುಟ್ಟಿ ಬೀಸಲಿಲ್ಲ. ಬಗ್ಗಿ ಶೂ ಲೇಸ್ ಕಟ್ಟುವ ಹಾಗೆ ಮಾಡಿದಳು.

ಇವತ್ತು ಸ್ಕೂಲಿಗೆ ರಜೆ. ಅಮ್ಮ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಮುಂಭಾಗದ ಪಟ್ಟಿಗಳು ಬೆಳ್ಳಗಾಗುವಷ್ಟರಲ್ಲಿ ಪುಟ್ಟಿಯ ರಟ್ಟೆ ಸೋತುಹೋಯಿತು. ಬೆನ್ನಿನ ಕಡೆ ಇನ್ನೊಂದು ದಿನ ನೋಡೋಣ ಎಂದು ಜಾಕೆಟ್ಟನ್ನು ತಂತಿಗೆ ಹಾಕಿದಳು.

ಬಿಸಿಲಿಗೆ ಅದು ಬೇಗ ಒಣಗಿತು. ಕತ್ತಲಾಗುತ್ತಾ ಬಂದಾಗ ತೆಗೆಯಲು ಹೋದಳು. ಅಷ್ಟರಲ್ಲಿ ಮೇಲಿನ ಮನೆಯ ಅಂಕಲ್ ಸ್ಕೂಟರ್ ಓಣಿಗೆ ತಿರುಗಿತು. ಹೆಡ್‌ಲೈಟ್ ತಂತಿಯ ಮೇಲೆ ಬಿತ್ತು. ಗಾಳಿಗೆ ಜಾಕೆಟ್ ತಿರುಗಿತು. ಬೆನ್ನಿನ ಪಟ್ಟಿ ಫಳ್ ಎಂದು ಹೊಳೆಯಿತು. ಮತ್ತೆ ತಿರುಗಿತು. ಎದೆಯ ಪಟ್ಟಿ ಸುಮ್ಮನಿತ್ತು.

ಪುಟ್ಟಿ ಟಾರ್ಚ್ ತಂದು ಬಿಟ್ಟು ನೋಡಿದಳು. ಹೊಳೆಯಲಿಲ್ಲ. ಹತ್ತಿರ ಹಿಡಿದಳು, ದೂರ ಹಿಡಿದಳು. ಬೂದಿ ಬಣ್ಣ, ಅಷ್ಟೇ.

“ಅಯ್ಯೋ, ಹೊಸದರ ಹಾಗಾಗಿದೆ!” ಹಿಂದೆಯೇ ಅಮ್ಮ. ಜಾಕೆಟ್ ಹಾಕಿಕೊಂಡು ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತಳು. “ನನ್ನ ಚಿನ್ನ! ಎಲ್ಲರೂ ಎಲ್ಲಿ ಕೊಂಡೆ ಅಂತ ಕೇಳ್ತಾರೆ ನೋಡು.”

ಅಮ್ಮ ಜಿಪ್ ಎಳೆದು ಚಪ್ಪಲಿಗೆ ಕಾಲು ಹಾಕಿದಳು.

“ಅಮ್ಮಾ, ಒಂದ್ನಿಮಿಷ. ಅಲ್ಲೇ ನಿಂತ್ಕೋ.”

ಪುಟ್ಟಿ ಲೈಟ್ ಆರಿಸಿದಳು. ಟಾರ್ಚನ್ನು ಬಾಗಿಲತ್ತ ತಿರುಗಿ ನಿಂತಿದ್ದ ಅಮ್ಮನ ಬೆನ್ನಿಗೆ ಬಿಟ್ಟಳು. ಕೋಣೆಯೇ ಬೆಳಗಿತು. “ಈಗ ತಿರುಗು. ನೋಡು, ಮುಂದುಗಡೆ ಹೊಳೀತಿಲ್ಲ.”

ಅಮ್ಮ ತಿರುಗಿ, ಬಗ್ಗಿ ತನ್ನ ಎದೆಯನ್ನೇ ನೋಡಿಕೊಂಡಳು.

“ಯಾತರಲ್ಲಿ ತಿಕ್ಕಿದೆ?”

“ಪಾತ್ರೆ ನಾರಲ್ಲಿ.”

ಅಮ್ಮ ಲೈಟ್ ಹಾಕಿದಳು. “ಈ ಪಟ್ಟಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳಿರ್ತವೆ, ಹೊಳೆಯೋದು ಅವೇ. ಉಜ್ಜಿದ್ರೆ ಉದುರಿಹೋಗ್ತವೆ. ಅದಕ್ಕೇ ನಾನು ಒದ್ದೆ ಬಟ್ಟೇಲಿ ಒರೆಸಿ ಬಿಟ್ಟುಬಿಡ್ತೀನಿ.”

“ಬೈಯಲ್ವಾ?”

“ನಾಳೆ ಬೈತೀನಿ. ಈಗ ವ್ಯಾನ್ ಬರೋ ಹೊತ್ತು.”

ಅಮ್ಮ ಫೋನ್ ಮಾಡಿದಳು. “ಮೇಸ್ತ್ರಿ ಅಣ್ಣಾ, ನಂಗೆ ಬೇರೆ ಜಾಕೆಟ್ ಬೇಕು. ಮಗಳು ತೊಳೆದಿದ್ದಾಳೆ.”

ಆ ಕಡೆಯ ನಗು ಪುಟ್ಟಿಗೂ ಕೇಳಿಸಿತು. “ನನ್ನ ಮಗಳು ಕುಡಿದ ಲೋಟಾನೇ ತೊಳೆಯಲ್ಲ ಕಣಮ್ಮ! ಗುಂಡಣ್ಣ ಇವತ್ತು ರಜಾ. ಅವನದು ವ್ಯಾನಲ್ಲಿದೆ, ಹಾಕ್ಕೋ. ಹೊಳೆಯದೇ ಇರೋದನ್ನ ಹಾಕ್ಕೊಂಡು ಮಾತ್ರ ರಸ್ತೆಗೆ ಇಳಿಯೋ ಹಾಗಿಲ್ಲ.”

ವ್ಯಾನ್ ಓಣಿಯ ತುದಿಯಲ್ಲಿ ನಿಂತಿತು. ಗುಂಡಣ್ಣನ ಜಾಕೆಟ್ಟಿನ ಮೇಲೆ ಅಮ್ಮನದಕ್ಕಿಂತ ಹೆಚ್ಚು ಡಾಂಬರು. ಅಮ್ಮ ಹಾಕಿಕೊಂಡರೆ ಮೊಣಕಾಲಿನವರೆಗೂ ಜೋಲುತ್ತಿತ್ತು.

“ಏನಕ್ಕಾ, ಮೂಟೆ ಒಳಗೆ ಇಳಿದುಬಿಟ್ಟೆ!” ವ್ಯಾನಿನೊಳಗಿಂದ ಯಾರೋ ಕೂಗಿದರು.

“ನಗು, ನಗು. ಪಿನ್ ಇದ್ರೆ ಕೊಡು,” ಎಂದ ಅಮ್ಮ ಎರಡೂ ಪಕ್ಕ ಮಡಿಸಿ ಬಿಗಿ ಮಾಡಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಪುಟ್ಟಿ ಟಾರ್ಚ್ ಒತ್ತಿದಳು. ಓಣಿಯ ಆ ತುದಿಯಲ್ಲಿ, ಕತ್ತಲಲ್ಲಿ, ಬೆಳ್ಳಿ ಗೆರೆಗಳು ಹೊತ್ತಿಕೊಂಡವು. ಅವುಗಳ ಪಕ್ಕದಲ್ಲಿ ಒಂದು ಕೈ ಮೇಲೆದ್ದಿತು.

ಪುಟ್ಟಿ ಟಾರ್ಚ್ ಹಿಡಿದ ಕೈಯನ್ನೇ ಜೋರಾಗಿ ಬೀಸಿದಳು. ಅಷ್ಟು ದೂರದಿಂದ ಕಲೆ ಒಂದೂ ಕಾಣುತ್ತಿರಲಿಲ್ಲ. ಅಮ್ಮ ಕಾಣುತ್ತಿದ್ದಳು.